ಪ್ರಶ್ನೋತ್ತರ: ಹತ್ತಿಕಟ್ಟಿಗೆಯ ಹಲಗೆ, ಶೇಂಗಾ ಸಿಪ್ಪೆಯ ಇಂಗಾಲ

ಬೆಳೆಯ ಉಳಿಕೆಯಿಂದ ಬೆಲೆಬಾಳುವ ವಸ್ತುಗಳನ್ನು ತಯಾರಿಸುವ ಬಗ್ಗೆ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೇವೆ.

ಪ್ರಶ್ನೆ: ಹತ್ತಿ ಬಿಡಿಸಿ ಮುಗಿದ ಮೇಲೆ ಕಟ್ಟಿಗೆಯನ್ನು ಕಿತ್ತು, ಒಲೆಗೆ ಬೇಕಾದಷ್ಟನ್ನು ಮನೆಗೆ ತಂದು, ಉಳಿದದ್ದನ್ನು ಹೊಲದಲ್ಲೇ ಸುಡುತ್ತೇವೆ. ಇದರಿಂದ ಪೀಠೋಪಕರಣದ ಹಲಗೆ ಮಾಡುತ್ತಾರೆಂದು ಕೇಳಿದ್ದೇನೆ. ನಿಜವಾದರೆ ನಮ್ಮ ಕಡೆ ಯಾರೂ ಏಕೆ ಕೊಳ್ಳಲು ಬರುವುದಿಲ್ಲ?
(ರೈತರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ನೀವು ಕೇಳಿದ್ದು ನಿಜ. ಮುಂಬೈಯಲ್ಲಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಹತ್ತಿಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ತಯಾರಿಸುವ ವಿಧಾನವನ್ನು ಬಹಳ ಹಿಂದೆಯೇ ರೂಪಿಸಿದೆ. ಕಟ್ಟಿಗೆಯನ್ನು ಚಕ್ಕೆಗಳಾಗಿ ಕತ್ತರಿಸಿ, ತೇವ ಆರಿಸಿ, ಅಂಟು ಸಿಂಪಡಿಸಿ, ಕಾದ ಒತ್ತುಯಂತ್ರದಲ್ಲಿ ಅದುಮಿದರೆ ಹಲಗೆ ಸಿದ್ಧವಾಗುತ್ತದೆ. ಜೋಳದ ಕಣಿಕೆಗೆ ಹೋಲಿಸಿದರೆ ಹತ್ತಿಕಟ್ಟಿಗೆ ಮರಕ್ಕೆ ಹತ್ತಿರವಾದ ವಸ್ತು. ಹುಲ್ಲು ಕಲಸಿ ಕಟ್ಟಿದ ಮಣ್ಣಿನ ಗೋಡೆಯಲ್ಲಿ ಹುಲ್ಲು ಮಾಡುವ ಕೆಲಸವನ್ನು ಸಸ್ಯದಲ್ಲಿ ಸೆಲ್ಯುಲೋಸ್ ಎಂಬ ಎಳೆಗಳು ಮಾಡಿದರೆ, ಮಣ್ಣಿನ ಕೆಲಸವನ್ನು ಲಿಗ್ನಿನ್ ಮಾಡುತ್ತದೆ. ಇವೆರಡನ್ನೂ ಬೆಸೆದು ಹಿಡಿಯುವುದು ಹೆಮಿಸೆಲ್ಯುಲೋಸ್. ಹತ್ತಿಕಟ್ಟಿಗೆಯ ಒಣ ತೂಕದಲ್ಲಿ ಸೆಲ್ಯುಲೋಸ್ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿದ್ದು, ಲಿಗ್ನಿನ್ ಸುಮಾರು ನಾಲ್ಕರಲ್ಲೊಂದು ಪಾಲಿನಷ್ಟಿರುತ್ತದೆ. ಯಾವ ಉಳಿಕೆಯಿಂದ ಏನು ಮಾಡಬಹುದೆಂಬುದು ಬಹುಮಟ್ಟಿಗೆ ಈ ಮೂರರ ಪ್ರಮಾಣದಿಂದಲೇ ನಿರ್ಧಾರವಾಗುವುದರಿಂದ, ಮುಂದಿನ ಉತ್ತರಗಳಲ್ಲಿಯೂ ಇವುಗಳ ಹೆಸರು ಬರುತ್ತದೆ.

ಕೊಳ್ಳುವವರು ಏಕಿಲ್ಲ ಎಂಬುದಕ್ಕೆ ಕಾರಣ ಸಾಗಣೆ ಮತ್ತು ಕಾಲ. ಒಂದು ಹೆಕ್ಟೇರಿನಲ್ಲಿ ಸಿಗುವ ಕಟ್ಟಿಗೆ ಸುಮಾರು 2ರಿಂದ 3 ಟನ್. ಅದನ್ನು ಹಾಗೆಯೇ ಹೇರಿದರೆ ಟ್ರ್ಯಾಕ್ಟರಿನ ಟ್ರೇಲರ್ ಕಣ್ಣಿಗೆ ತುಂಬಿದಂತೆ ಕಂಡರೂ ತೂಕ ಬಹಳ ಕಡಿಮೆ ಇರುತ್ತದೆ, ಕೊಂಡವನು ಗಾಳಿಗೆ ಬಾಡಿಗೆ ಕೊಟ್ಟಂತಾಗುತ್ತದೆ. ಜೊತೆಗೆ ಕಟ್ಟಿಗೆ ಸಿಗುವುದು ವರ್ಷದ ಕೆಲವೇ ತಿಂಗಳು, ಕಾರ್ಖಾನೆ ನಡೆಯಬೇಕಾದುದು ವರ್ಷವಿಡೀ. ಹಾಗೆಂದು ಕಟ್ಟಿಗೆಯನ್ನು ಬಣವೆ ಒಟ್ಟಿ ಕಾಯ್ದಿಡುವುದೂ ಸರಿಯಲ್ಲ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಮರಿಹುಳು ಅಡಗಿದ್ದು ಮುಂದಿನ ಮುಂಗಾರಿನ ಬೆಳೆಗೆ ದಾಟುತ್ತದೆ. ಕೃಷಿ ವಿಜ್ಞಾನಿಗಳು ಹತ್ತಿಯ ಹೊಲವನ್ನು ಬೇಗ ಖಾಲಿ ಮಾಡಿ ಎಂದು ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ. ಈ ಎಲ್ಲ ತೊಡಕಿಗೂ ಇರುವ ಪರಿಹಾರ ಒಂದೇ, ಕಟ್ಟಿಗೆಯನ್ನು ಕಿತ್ತ ವಾರದಲ್ಲೇ ಊರಿನಲ್ಲಿಯೇ ಚಕ್ಕೆ ಮಾಡುವುದು. ಚಕ್ಕೆಯಾದ ಮೇಲೆ ಹುಳು ಉಳಿಯುವುದು ಕಷ್ಟ, ತೇವ ಬೇಗ ಆರುತ್ತದೆ, ಲಾರಿಯಲ್ಲಿ ತೂಕವೂ ಕೂಡುತ್ತದೆ. ಆದ್ದರಿಂದ ರೈತನಿಗೆ ಸಿಗುವ ಬೆಲೆಯನ್ನು ಕಾರ್ಖಾನೆಗಿಂತ ಮೊದಲು ಊರಿಗೊಂದು ಕತ್ತರಿಸುವ ಯಂತ್ರ ಇದೆಯೇ ಎಂಬುದು ತೀರ್ಮಾನಿಸುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ಅಂಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಮಾನ್ಯವಾಗಿ ಬಳಸುವುದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಅಂಟು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವರ್ಗೀಕರಿಸಿದೆ, ಮತ್ತು ಅದು ಹಲಗೆಯಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೋಣೆಯ ಗಾಳಿಗೆ ಬಿಡುಗಡೆಯಾಗುತ್ತಿರುತ್ತದೆ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಕೈಚಾಂಗ್ ಲೀ ಅವರು ಸೋಯಾ ಹಿಟ್ಟಿನ ಪ್ರೋಟೀನಿನಿಂದ ಪ್ಲೈವುಡ್ಡಿಗೆ ತಕ್ಕ ಅಂಟನ್ನು ರೂಪಿಸಿದರು; ಅದನ್ನು ಬಳಕೆಗೆ ತಂದ ಉದ್ಯಮಗಳೊಂದಿಗೆ ಅವರಿಗೆ 2007ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ದೊರೆಯಿತು. ಧಾರವಾಡ ಜಿಲ್ಲೆಯ ಸೋಯಾ ಅವರೆ ಮತ್ತು ನಿಮ್ಮ ತಾಲ್ಲೂಕಿನ ಹತ್ತಿಕಟ್ಟಿಗೆ ಒಂದೇ ಹಲಗೆಯಲ್ಲಿ ಸೇರಲು ರಸಾಯನಶಾಸ್ತ್ರದ ಅಡ್ಡಿಯೇನೂ ಇಲ್ಲ.

ಪ್ರಶ್ನೆ: ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ಉರುವಲಿಗೆ ಕೊಟ್ಟುಬಿಡುತ್ತೇವೆ. ಇದಕ್ಕೆ ಬೇರೆ ಬೆಲೆಯುಂಟೇ?
(ದಲಾಲಿ ಅಂಗಡಿಯವರು, ಹಾವೇರಿ)

ಉತ್ತರ: ಉಂಟು, ಮತ್ತು ಅದು ನೂರು ವರ್ಷ ಹಳೆಯದು. ದಿಂಡಿನ ಒಣ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಹೆಮಿಸೆಲ್ಯುಲೋಸ್ ಇರುತ್ತದೆ. ಅದನ್ನು ಆಮ್ಲದೊಂದಿಗೆ ಬೇಯಿಸಿ ಹಬೆ ಹಾಯಿಸಿದರೆ ಮೊದಲು ಕ್ಸೈಲೋಸ್ ಎಂಬ ಸಕ್ಕರೆಯೂ, ಆ ಸಕ್ಕರೆ ನೀರಿನ ಅಂಶವನ್ನು ಕಳೆದುಕೊಂಡು ಫರ್ಫ್ಯೂರಾಲ್ ಎಂಬ ದ್ರವವೂ ಆಗುತ್ತದೆ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ತನ್ನ ಗಿರಣಿಯಲ್ಲಿ ರಾಶಿ ಬಿದ್ದಿದ್ದ ಓಟ್ಸ್ ಹೊಟ್ಟಿನಿಂದ 1922ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಇಂದು ಈ ಉದ್ಯಮದ ಬಹುಪಾಲು ಚೀನಾದಲ್ಲಿದ್ದು, ಅಲ್ಲಿಯ ಮುಖ್ಯ ಕಚ್ಚಾವಸ್ತು ಈ ದಿಂಡೇ. ಹಳೆಯ ವಿಧಾನದಲ್ಲಿ ನೂರು ಕಿಲೋ ಒಣ ದಿಂಡಿಗೆ ಹತ್ತು ಕಿಲೋ ಆಸುಪಾಸು ಫರ್ಫ್ಯೂರಾಲ್ ದೊರೆಯುತ್ತದೆ.

ಇದರ ಬಳಕೆ ನಮಗೆ ದೂರದ್ದಲ್ಲ. ಫರ್ಫ್ಯೂರಾಲಿಗೆ ಹೈಡ್ರೋಜನ್ ಸೇರಿಸಿದರೆ ಫರ್ಫ್ಯೂರಿಲ್ ಆಲ್ಕೋಹಾಲ್ ಆಗುತ್ತದೆ. ಅದರಿಂದ ಮಾಡುವ ಫ್ಯೂರಾನ್ ರಾಳವನ್ನು ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಮರಳನ್ನು ಬಿಗಿಹಿಡಿಯಲು ಬಳಸುತ್ತಾರೆ. ಎರಕದ ಉದ್ಯಮಕ್ಕೆ ಹೆಸರಾದ ಬೆಳಗಾವಿ ಹಾವೇರಿಗೆ ಎಷ್ಟು ಹತ್ತಿರವೆಂದು ಅಡತಿಯವರಾದ ನಿಮಗೆ ಹೇಳಬೇಕಾಗಿಲ್ಲ.

ಆದರೆ ಹಳೆಯ ವಿಧಾನವನ್ನು ಹಾಗೆಯೇ ತಂದು ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ. ಗಂಧಕಾಮ್ಲ ಬೆರೆತ ಉಳಿಕೆ ಮತ್ತು ಅಸಿಟಿಕ್ ಆಮ್ಲವಿರುವ ಹುಳಿನೀರು ಅಲ್ಲಿಯ ದೊಡ್ಡ ಸಮಸ್ಯೆ. ಅವನ್ನು ಹಳ್ಳಕ್ಕೆ ಬಿಟ್ಟರೆ ವರದೆಯಾಗಲಿ ತುಂಗಭದ್ರೆಯಾಗಲಿ ತಾಳಿಕೊಳ್ಳಬೇಕಾದೀತು. ಕರಗದೆ ಉಳಿದು ಮತ್ತೆ ಮತ್ತೆ ಕೆಲಸಕ್ಕೆ ಬರುವ ಘನ ಆಮ್ಲ ವೇಗವರ್ಧಕಗಳು, ಅಸಿಟಿಕ್ ಆಮ್ಲವನ್ನೂ ಮಾರಾಟದ ಸರಕಾಗಿ ಬೇರ್ಪಡಿಸುವ ಗೋಪುರಗಳು, ಉಳಿದ ಸೆಲ್ಯುಲೋಸನ್ನು ಸುಡದೆ ಎಥೆನಾಲಿಗೆ ಒಯ್ಯುವ ವ್ಯವಸ್ಥೆ, ಇವಿಷ್ಟೂ ಸೇರಿದ ಕಾರ್ಖಾನೆಯಾದರೆ ಮಾತ್ರ ಅದನ್ನು ಸ್ವಾಗತಿಸಬಹುದು. ಅಸ್ಸಾಮಿನ ನುಮಾಲಿಗಢದಲ್ಲಿ ಬಿದಿರಿನಿಂದ ಎಥೆನಾಲ್, ಫರ್ಫ್ಯೂರಾಲ್ ಮತ್ತು ಅಸಿಟಿಕ್ ಆಮ್ಲವನ್ನು ಒಟ್ಟಿಗೆ ತೆಗೆಯುವ ಉದ್ದೇಶದಿಂದ ಕಟ್ಟಿರುವ ಘಟಕವು ಈ ದಾರಿಯದೇ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಭತ್ತದ ಹೊಟ್ಟನ್ನೇ ಉರಿಸುತ್ತೇವೆ. ಬೂದಿಯನ್ನು ಎಲ್ಲಿ ಹಾಕುವುದೆಂಬುದೇ ಚಿಂತೆ. ಇದರಿಂದ ಸಿಲಿಕಾ ತೆಗೆಯಬಹುದೇ?
(ಗಿರಣಿ ಮಾಲೀಕರು, ಹಾನಗಲ್ಲ)

ಉತ್ತರ: ತೆಗೆಯಬಹುದು. ಒಂದು ಟನ್ ಭತ್ತದಲ್ಲಿ ಸುಮಾರು 200 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ, ಚೆನ್ನಾಗಿ ಸುಟ್ಟ ಬೂದಿಯಲ್ಲಿ ನೂರಕ್ಕೆ 85ರಿಂದ 95ರಷ್ಟು ಸಿಲಿಕಾ. ಮರಳಿನಲ್ಲಿರುವುದೂ ಸಿಲಿಕಾವೇ ಆದರೂ ಅದನ್ನು ಕರಗಿಸಲು ಸಾವಿರ ಡಿಗ್ರಿಗೂ ಮೀರಿದ ಕುಲುಮೆ ಬೇಕು. ಹೊಟ್ಟಿನ ಬೂದಿಯ ಸಿಲಿಕಾ ಹರಳುಗಟ್ಟಿರದ ಕಾರಣ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ನೀರು ಕುದಿಯುವ ಶಾಖದ ಸುಮಾರಿಗೇ ಕರಗುತ್ತದೆ. ಆ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದರೆ ನುಣುಪಾದ ಬಿಳಿ ಸಿಲಿಕಾ ತಳಕ್ಕಿಳಿಯುತ್ತದೆ. ಉಳಿಯುವ ಸೋಡಾ ದ್ರಾವಣಕ್ಕೆ ಸುಣ್ಣ ಸೇರಿಸಿದರೆ ಕಾಸ್ಟಿಕ್ ಸೋಡಾ ಮರಳಿ ಸಿಗುತ್ತದೆ. ಗಂಧಕಾಮ್ಲದಿಂದಲೂ ಸಿಲಿಕಾವನ್ನು ಇಳಿಸಬಹುದು, ಆದರೆ ಆಗ ಸೋಡಿಯಂ ಸಲ್ಫೇಟಿನ ಉಪ್ಪುನೀರು ಉಳಿಯುತ್ತದೆ ಮತ್ತು ಕಾಸ್ಟಿಕ್ ಮರಳಿ ಬರುವುದಿಲ್ಲ. ಟೈರಿನ ರಬ್ಬರಿಗೆ ಬಲ ಕೊಡಲು ಗುಡ್‌ಇಯರ್ ಕಂಪನಿ ಹೊಟ್ಟಿನ ಬೂದಿಯ ಸಿಲಿಕಾವನ್ನು ಈಗಾಗಲೇ ಬಳಸುತ್ತಿದೆ.

ನಿಮ್ಮ ಬಾಯ್ಲರಿನ ಬೂದಿ ಕಪ್ಪಗಿದ್ದರೆ ಅದರಲ್ಲಿ ಸುಡದ ಇಂಗಾಲ ಉಳಿದಿದೆ ಎಂದರ್ಥ. ಸೋಸುವಾಗ ಅದು ಬೇರೆಯಾಗುವುದರಿಂದ ನಷ್ಟವೇನಿಲ್ಲ. ಎಚ್ಚರ ವಹಿಸಬೇಕಾದುದು ಉರಿಯ ಶಾಖ ವಿಪರೀತ ಏರಿದಾಗ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿ ಹೆಚ್ಚು ಹೊತ್ತು ಸುಟ್ಟರೆ ಸಿಲಿಕಾ ಹರಳುಗಟ್ಟತೊಡಗುತ್ತದೆ. ಆಗ ಅದು ಕಾಸ್ಟಿಕ್‌ನಲ್ಲಿ ಸುಲಭವಾಗಿ ಕರಗುವುದಿಲ್ಲ, ಜೊತೆಗೆ ಅದರ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬೂದಿ ತುಂಬುವ ಕೂಲಿಕಾರರಿಗೆ ಮೂಗು ಮುಚ್ಚುವ ಸರಿಯಾದ ಮಾಸ್ಕ್ ಕೊಡಿ, ಬೂದಿಗೆ ನೀರು ಚಿಮುಕಿಸಿ. ಇಷ್ಟಕ್ಕೆ ಸಿಲಿಕಾ ಘಟಕ ಬರುವ ತನಕ ಕಾಯಬೇಕಾಗಿಲ್ಲ.

ಪ್ರಶ್ನೆ: ಉಳ್ಳಾಗಡ್ಡಿ ಸಿಪ್ಪೆಯಿಂದ ಕಾರ್ಬನ್ ಡಾಟ್‌ಗಳನ್ನೂ, ಹತ್ತಿಕಟ್ಟಿಗೆಯಿಂದ ಸಕ್ರಿಯ ಇಂಗಾಲವನ್ನೂ ತಯಾರಿಸುವ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಓದಿದ ಲೇಖನಗಳೆಲ್ಲ ತಮ್ಮ ವಿಧಾನವನ್ನು ಹಸಿರು ಎಂದೇ ಕರೆದುಕೊಳ್ಳುತ್ತವೆ. ಕಚ್ಚಾವಸ್ತು ಸಸ್ಯಜನ್ಯವಾಗಿದ್ದರೆ ಅಷ್ಟು ಸಾಕೇ?
(ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸಾಲದು. ಈ ಸಲ ಬಂದ ಪ್ರಶ್ನೆಗಳಲ್ಲಿ ಇದಕ್ಕೇ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಅಮೆರಿಕದ ರಸಾಯನಶಾಸ್ತ್ರಜ್ಞರಾದ ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ತ್ವಗಳಲ್ಲಿ ಮರುಹುಟ್ಟು ಪಡೆಯುವ ಕಚ್ಚಾವಸ್ತುವನ್ನು ಬಳಸಿ ಎಂಬುದು ಒಂದು ಮಾತ್ರ. ಕಸವನ್ನು ಆಮೇಲೆ ಶುದ್ಧೀಕರಿಸುವ ಬದಲು ಹುಟ್ಟದಂತೆಯೇ ನೋಡಿಕೊಳ್ಳಿ, ನಿರಪಾಯ ದ್ರಾವಕ ಬಳಸಿ, ಶಕ್ತಿಯನ್ನು ಮಿತವಾಗಿ ಖರ್ಚು ಮಾಡಿ ಎಂಬಂಥ ಉಳಿದ ಹನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಶೀರ್ಷಿಕೆಯಲ್ಲಿ ಹಸಿರನ್ನು ಸೇರಿಸುವುದು ಈಗ ವಾಡಿಕೆಯಾಗಿಬಿಟ್ಟಿದೆ.

ನಿಮ್ಮ ಸಕ್ರಿಯ ಇಂಗಾಲವನ್ನೇ, ಅಂದರೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ ಇದ್ದಿಲನ್ನೇ ತೆಗೆದುಕೊಳ್ಳೋಣ. ಕಟ್ಟಿಗೆಯ ಇದ್ದಿಲಿಗೆ ಮೂರು ಪಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 800 ಡಿಗ್ರಿಯಲ್ಲಿ ಕಾಯಿಸಿದರೆ ಒಂದು ಗ್ರಾಮಿನೊಳಗೆ 2000 ಚದರ ಮೀಟರಿಗೂ ಮಿಕ್ಕ ಮೇಲ್ಮೈ ಸಿಗಬಹುದು; ಲೇಖನಗಳು ಹೆಮ್ಮೆಯಿಂದ ಹೇಳುವುದು ಈ ಅಂಕಿಯನ್ನು. ಈಗ ಇನ್ನೊಂದು ಅಂಕಿಯನ್ನು ನೋಡಿ. ಉತ್ಪನ್ನದ ಪ್ರತಿ ಕಿಲೋಗೆ ಎಷ್ಟು ಕಿಲೋ ಕಸ ಹುಟ್ಟಿತೆಂಬುದನ್ನು ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಇ-ಅಂಶ ಎಂಬ ಅಳತೆಯಾಗಿ ಮುಂದಿಟ್ಟರು. ಅವರ ಲೆಕ್ಕದಲ್ಲಿ ದೊಡ್ಡ ಪ್ರಮಾಣದ ರಾಸಾಯನಿಕಗಳಿಗೆ ಅದು 1ಕ್ಕಿಂತ ಕಡಿಮೆಯಿಂದ 5ರವರೆಗೆ, ಔಷಧಗಳಿಗೆ 25ರಿಂದ 100. ಒಂದು ಕಿಲೋ ಇದ್ದಿಲು, ಮೂರು ಕಿಲೋ ಕ್ಷಾರ ಹಾಕಿ ಕೊನೆಗೆ ಅರ್ಧ ಕಿಲೋ ಇಂಗಾಲ ಉಳಿಯಿತೆಂದು ಇಟ್ಟುಕೊಂಡರೆ ಉಳಿದ ಮೂರೂವರೆ ಕಿಲೋ ಕಸವೇ. ಅಂದರೆ ಇ-ಅಂಶ 7. ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ, ಲೀಟರುಗಟ್ಟಲೆ ನೀರು, ಕುಲುಮೆಯ ವಿದ್ಯುತ್ತು ಇನ್ನೂ ಇದರಲ್ಲಿ ಸೇರಿಲ್ಲ. ನೀರಿನ ಬಣ್ಣ ತೆಗೆಯಲು ಅಥವಾ ವಾಸನೆ ಹೀರಲು 1000 ಚದರ ಮೀಟರಿನ ಇಂಗಾಲ ಸಾಕಾಗುವ ಕಡೆ ನೀರಾವಿಯಿಂದಲೇ ಸಕ್ರಿಯಗೊಳಿಸಬಹುದು. ಅಲ್ಲಿ ಕ್ಷಾರವೂ ಇಲ್ಲ, ತೊಳೆಯುವ ಗೋಜೂ ಇಲ್ಲ. ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸೂಪರ್‌ಕೆಪಾಸಿಟರಿನಂಥ ಬಳಕೆಗೆ ಹೆಚ್ಚಿನ ಮೇಲ್ಮೈ ನಿಜವಾಗಿಯೂ ಬೇಕಿದ್ದರೆ, ತೊಳೆದ ನೀರಿನಿಂದ ಪೊಟ್ಯಾಸಿಯಂ ಕಾರ್ಬೊನೇಟನ್ನು ಮರಳಿ ಪಡೆಯುವ ಹಂತವನ್ನು ನಿಮ್ಮ ಪ್ರಬಂಧದಲ್ಲಿ ಸೇರಿಸಿ. ಅಂಥ ಅಧ್ಯಾಯಗಳು ಅಪರೂಪ.

ಕಾರ್ಬನ್ ಡಾಟ್‌ಗಳ ಕತೆ ಇನ್ನೂ ಸೂಕ್ಷ್ಮ. 2004ರಲ್ಲಿ ಇಂಗಾಲದ ನ್ಯಾನೋ ನಳಿಕೆಗಳನ್ನು ಶುದ್ಧಗೊಳಿಸುವಾಗ ಅನಿರೀಕ್ಷಿತವಾಗಿ ಕಣ್ಣಿಗೆ ಬಿದ್ದ ಈ ಅತಿ ಸೂಕ್ಷ್ಮವಾದ, ಹೊಳೆಯುವ ಇಂಗಾಲದ ಕಣಗಳನ್ನು ಈಗ ಯಾವ ಸಿಪ್ಪೆಯನ್ನಾದರೂ ನೀರಿನೊಂದಿಗೆ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 180ರಿಂದ 200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ಪಡೆಯುತ್ತಾರೆ. ನೀರೇ ದ್ರಾವಕವಾದುದರಿಂದ ಈ ಹಂತ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಮುಂದೆ ದಿನಗಟ್ಟಲೆ ಪೊರೆಯ ಮೂಲಕ ಸೋಸಿ, ಹೆಪ್ಪುಗಟ್ಟಿಸಿ ಒಣಗಿಸುವ ಹಂತಗಳು ನುಂಗುವ ನೀರು ಮತ್ತು ವಿದ್ಯುತ್ತಿಗೆ ಹೋಲಿಸಿದರೆ ಕೊನೆಗೆ ಕೈಗೆ ಬರುವ ಕಣಗಳು ತೀರ ಸ್ವಲ್ಪ. ಹೀಗಾಗಿ ಉತ್ಪನ್ನದ ಇಳುವರಿಯನ್ನು ಗ್ರಾಮಿನಲ್ಲಿ ಹೇಳದ ಲೇಖನವನ್ನು ಅನುಮಾನದಿಂದಲೇ ಓದಿ.

ದ್ರಾವಕದ ಆಯ್ಕೆ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದಕ್ಕೆ ಕಾರ್ಖಾನೆಯ ಮಟ್ಟದ ಉದಾಹರಣೆ ಬಟ್ಟೆಯಲ್ಲಿದೆ. ಮರದ ತಿರುಳಿನಿಂದ ವಿಸ್ಕೋಸ್ ಎಳೆ ಮಾಡುವ ಉದ್ಯಮ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ ದಶಕಗಳಿಂದ ಇದೆ. ವಿಸ್ಕೋಸ್ ವಿಧಾನದಲ್ಲಿ ಸೆಲ್ಯುಲೋಸನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವದ ನೆರವು ಬೇಕು. ಅದೇ ತಿರುಳಿನಿಂದ ಲಯೋಸೆಲ್ ಎಳೆ ತೆಗೆಯುವ ಹೊಸ ವಿಧಾನದಲ್ಲಿ ಅಮೈನ್ ಆಕ್ಸೈಡ್ ಎಂಬ ದ್ರಾವಕವು ಸೆಲ್ಯುಲೋಸನ್ನು ನೇರವಾಗಿ ಕರಗಿಸುತ್ತದೆ, ಮತ್ತು ನೂರಕ್ಕೆ 99 ಪಾಲಿಗಿಂತ ಹೆಚ್ಚು ದ್ರಾವಕ ಮರಳಿ ಬಳಕೆಗೆ ಬರುತ್ತದೆ. ಕಚ್ಚಾವಸ್ತು ಎರಡರಲ್ಲಿಯೂ ಒಂದೇ ಎಂಬುದನ್ನು ಗಮನಿಸಿ. ಪ್ರಯೋಗಾಲಯದಲ್ಲಿ ಇದಕ್ಕೆ ಹತ್ತಿರವಾದದ್ದನ್ನು ಮಾಡಬೇಕೆಂದಿದ್ದರೆ ಕೋಲೀನ್ ಕ್ಲೋರೈಡ್ ಮತ್ತು ಲ್ಯಾಕ್ಟಿಕ್ ಆಮ್ಲದ ಮಿಶ್ರಣವನ್ನು ಪ್ರಯತ್ನಿಸಿ. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಆ್ಯಂಡ್ರ್ಯೂ ಅಬಟ್ ಅವರ ತಂಡ 2003ರಲ್ಲಿ ಪರಿಚಯಿಸಿದ, ಡೀಪ್ ಯುಟೆಕ್ಟಿಕ್ ಎಂಬ ಬಗೆಯ ದ್ರಾವಕಗಳ ಸಾಲಿಗೆ ಸೇರಿದ ಇದು ಹತ್ತಿಕಟ್ಟಿಗೆಯ ಲಿಗ್ನಿನನ್ನು ಕರಗಿಸಿ ಸೆಲ್ಯುಲೋಸನ್ನು ಉಳಿಸುತ್ತದೆ. ಕೋಲೀನ್ ಕ್ಲೋರೈಡ್ ಕೋಳಿ ಆಹಾರದಲ್ಲಿ ಬೆರೆಸುವ ಅಗ್ಗದ ವಸ್ತು.

ಪ್ರಶ್ನೆ: ಶೇಂಗಾ ಸಿಪ್ಪೆಯಿಂದ ಬ್ಯಾಟರಿ ತಯಾರಾಗುತ್ತದೆಂಬ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಗಿರಣಿಯಲ್ಲಿ ಸಿಪ್ಪೆಗೆ ಕೊರತೆಯಿಲ್ಲ. ನಂಬಬಹುದೇ?
(ಶೇಂಗಾ ಸುಲಿಯುವ ಗಿರಣಿಯವರು, ಲಕ್ಷ್ಮೇಶ್ವರ)

ಉತ್ತರ: ಸುದ್ದಿಯಲ್ಲಿ ಸತ್ಯವಿದೆ, ಅವಸರವೂ ಇದೆ. ಸೋಡಿಯಂ ಅಯಾನು ಬ್ಯಾಟರಿಯ ಋಣಧ್ರುವಕ್ಕೆ, ಲಿಥಿಯಂ ಬ್ಯಾಟರಿಯಲ್ಲಿ ಬಳಸುವ ಗ್ರಾಫೈಟ್ ಹೊಂದುವುದಿಲ್ಲ. ಅದರ ಪದರಗಳ ನಡುವೆ ಸೋಡಿಯಂ ಸರಿಯಾಗಿ ಸೇರದು. ಪದರಗಳು ಅಸ್ತವ್ಯಸ್ತವಾಗಿ, ಅಂತರ ಹೆಚ್ಚಾಗಿರುವ ಹಾರ್ಡ್ ಕಾರ್ಬನ್ ಎಂಬ ಇಂಗಾಲ ಬೇಕು. ಲಿಗ್ನಿನ್ ಹೆಚ್ಚಿರುವ ಸಿಪ್ಪೆ, ಕರಟಗಳನ್ನು ಗಾಳಿಯಿಲ್ಲದೆ 1000ರಿಂದ 1400 ಡಿಗ್ರಿಯಲ್ಲಿ ಕಾಯಿಸಿದರೆ ಅದು ದೊರೆಯುತ್ತದೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಿಟ್ಲಿನ್ ಅವರ ತಂಡ ಸುಮಾರು ಹತ್ತು ವರ್ಷಗಳ ಹಿಂದೆ ಎರಡೂ ಧ್ರುವಗಳನ್ನು ಶೇಂಗಾ ಸಿಪ್ಪೆಯ ಇಂಗಾಲದಿಂದಲೇ ಮಾಡಿದ, ಬ್ಯಾಟರಿಯಂತೆಯೇ ವಿದ್ಯುತ್ತನ್ನು ಹಿಡಿದಿಡುವ ಸೋಡಿಯಂ ಕೆಪಾಸಿಟರನ್ನು ತೋರಿಸಿತ್ತು. ಜಪಾನಿನ ಕುರಾರೆ ಕಂಪನಿ ತೆಂಗಿನ ಕರಟದಿಂದ ಮಾಡಿದ ಹಾರ್ಡ್ ಕಾರ್ಬನ್ನನ್ನು ಮಾರುತ್ತಿದೆ.

ನಿಮ್ಮ ಸಿಪ್ಪೆಗೆ ಇರುವ ತೊಡಕು ಮಣ್ಣು. ಕರಟ ಮರದ ಮೇಲೆ ಬೆಳೆದರೆ ಶೇಂಗಾ ನೆಲದೊಳಗೆ ಬೆಳೆಯುತ್ತದೆ. ಸಿಪ್ಪೆಯ ಗೀರುಗಳಲ್ಲಿ ಸಿಕ್ಕಿಕೊಂಡ ಮಣ್ಣಿನ ಖನಿಜಗಳು ಬ್ಯಾಟರಿಯೊಳಗೆ ಬೇಡದ ಕ್ರಿಯೆಗಳಿಗೆ ಕಾರಣವಾಗುತ್ತವೆ. ಅವನ್ನು ಆಮ್ಲದಿಂದ ತೊಳೆದು ತೆಗೆಯುವ ಖರ್ಚು ಸೇರಿದಾಗ ಸಿಪ್ಪೆ ಅಗ್ಗವೆಂಬ ಲಾಭ ಕರಗುತ್ತದೆ. ಬ್ಯಾಟರಿ ತಯಾರಕರು ಪ್ರತಿ ಲೋಡೂ ಒಂದೇ ಗುಣದ್ದಾಗಿರಬೇಕೆಂದು ಬಯಸುತ್ತಾರೆ, ಆದರೆ ಹೊಲ ಬದಲಾದರೆ, ಮಳೆ ಬದಲಾದರೆ ಸಿಪ್ಪೆಯ ಗುಣವೂ ಬದಲಾಗುತ್ತದೆ. ಸದ್ಯಕ್ಕೆ ಸಿಪ್ಪೆಯನ್ನು ಒತ್ತಿ ಉರುವಲಿನ ಇಟ್ಟಿಗೆ ಮಾಡುವ ಬ್ರಿಕೆಟ್ ಘಟಕದವರಿಗೆ ಮಾರುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ಆದರೆ ಸಿಪ್ಪೆಯನ್ನು ಜರಡಿ ಹಿಡಿದು ಮಣ್ಣು ಬೇರ್ಪಡಿಸಿ ಒಣ ಜಾಗದಲ್ಲಿ ಇಡುವ ರೂಢಿ ಮಾಡಿಕೊಳ್ಳಿ, ಬೂದಿಯ ಅಂಶ ಕಡಿಮೆಯಿದ್ದರೆ ಬ್ರಿಕೆಟ್ಟಿಗೂ ಒಳ್ಳೆಯ ದರ ಕೇಳಬಹುದು.

ಪ್ರಶ್ನೆ: ಮೆಣಸಿನಕಾಯಿಯ ತೊಟ್ಟು ಮತ್ತು ಬಣ್ಣ ತೆಗೆದ ಮೇಲಿನ ಹಿಂಡಿಯಿಂದ ಏನು ಪ್ರಯೋಜನ?
(ಬ್ಯಾಡಗಿಯ ಓದುಗರು)

ಉತ್ತರ: ಮೆಣಸಿನಕಾಯಿಯ ಬಣ್ಣ, ಖಾರಗಳ ಸಾರವಾದ ಓಲಿಯೋರೆಸಿನ್ ತೆಗೆಯಲು ಹೆಕ್ಸೇನಿನಂಥ ದ್ರಾವಕ ಬಳಸಿದ್ದರೆ ಹಿಂಡಿಯಲ್ಲಿ ಅದರ ಶೇಷ, ಜೊತೆಗೆ ಕೀಟನಾಶಕದ ಶೇಷ ಇರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ದನಗಳಿಗೆ ಹಾಕಬೇಡಿ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿಗಿಂತ ಮೇಲೆ, ವಾಯುಭಾರದ ಸುಮಾರು 73 ಪಟ್ಟು ಒತ್ತಡ ದಾಟಿಸಿ ದ್ರಾವಕವಾಗಿ ಬಳಸಿದರೆ ಹಿಂಡಿಯಲ್ಲಿ ದ್ರಾವಕದ ಶೇಷವೇ ಉಳಿಯುವುದಿಲ್ಲ, ಯಂತ್ರದ ಬೆಲೆ ಮಾತ್ರ ಬಹಳ. ಒಣ ತೊಟ್ಟನ್ನು ಇದ್ದಿಲು ಮಾಡಲು ಅಡ್ಡಿಯಿಲ್ಲ.

ಪ್ರಶ್ನೆ: ಕಾರ್ಖಾನೆಯ ಮಾತು ಬಿಡಿ, ಹತ್ತಿಕಟ್ಟಿಗೆಯನ್ನು ಹೊಲದಲ್ಲೇ ಬಯೋಚಾರ್ ಮಾಡಿ ಮಣ್ಣಿಗೆ ಸೇರಿಸಿದರೆ ಒಳ್ಳೆಯದಲ್ಲವೇ?
(ರೈತ ಮಹಿಳೆ, ರೋಣ ತಾಲ್ಲೂಕು, ಇದೇ ಪ್ರಶ್ನೆ ಕಲಘಟಗಿಯಿಂದಲೂ ಬಂದಿದೆ)

ಉತ್ತರ: ಇಬ್ಬರಿಗೂ ಒಂದೇ ಉತ್ತರ ಕೊಡಲಾಗದು. ಬಯೋಚಾರ್ ಎಂದರೆ ಗಾಳಿಯ ಕೊರತೆಯಲ್ಲಿ 400ರಿಂದ 500 ಡಿಗ್ರಿಯಲ್ಲಿ ಮಾಡಿದ ಇದ್ದಿಲು. ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ, ತೇವ ಹಿಡಿಯುತ್ತದೆ. ಆದರೆ ಅದರಲ್ಲಿ ಬೂದಿಯ ಕ್ಷಾರವೂ ಇರುತ್ತದೆ. ಕಲಘಟಗಿ ಕಡೆಯ ಮಳೆ ಹೆಚ್ಚಿರುವ, ಹುಳಿ ಗುಣದ ಕೆಂಪು ಮಣ್ಣಿಗೆ ಈ ಕ್ಷಾರ ಅನುಕೂಲ. ರೋಣದ ಎರೆಭೂಮಿಯಲ್ಲಿ ಕ್ಷಾರ ಮೊದಲೇ ಹೆಚ್ಚಿದ್ದು, ರಸಸಾರ (ಪಿಎಚ್) ಸಾಮಾನ್ಯವಾಗಿ 8ಕ್ಕಿಂತ ಮೇಲಿರುತ್ತದೆ. ಅಲ್ಲಿ ಬಯೋಚಾರನ್ನು ಧಾರಾಳವಾಗಿ ಹಾಕಿದರೆ ಸತುವು, ಕಬ್ಬಿಣದಂಥ ಲಘು ಪೋಷಕಾಂಶಗಳು ಬೆಳೆಗೆ ಸಿಗುವುದು ಇನ್ನೂ ಕಷ್ಟವಾದೀತು. ಎರೆಭೂಮಿಯವರು ಕಟ್ಟಿಗೆಯನ್ನು ಚೂರು ಮಾಡಿ ಕೊಟ್ಟಿಗೆ ಗೊಬ್ಬರದೊಂದಿಗೆ ಕೊಳೆಸುವುದೇ ಲೇಸು. ಕೆಂಪು ಮಣ್ಣಿನವರು ಹಸಿ ಬಯೋಚಾರನ್ನು ನೇರವಾಗಿ ಚೆಲ್ಲದೆ, ಗೊಬ್ಬರದ ಗುಂಡಿಯಲ್ಲಿ ಕೆಲವು ವಾರ ಬೆರೆಸಿಟ್ಟು ಬಳಸಬೇಕು. ಇಲ್ಲವಾದರೆ ಅದು ಮೊದಲು ಮಣ್ಣಿನ ಸಾರಜನಕವನ್ನೇ ಹೀರಿಕೊಳ್ಳುತ್ತದೆ. ಯಾವುದಕ್ಕೂ ಮೊದಲು ಗದಗ ಜಿಲ್ಲೆಯವರು ಹುಲಕೋಟಿಯ, ಧಾರವಾಡ ಜಿಲ್ಲೆಯವರು ಸೈದಾಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ, ರಸಸಾರದ ಅಂಕಿ ಕೈಗೆ ಬಂದ ಮೇಲೆಯೇ ಕುಣಿ ತೋಡಲು ಶುರುಮಾಡಿ.